ಇಂಗ್ಲಿಷ್ ಕ್ರಿಯಾಪದದ ಕಾಲಗಳೂ ನಮ್ಮ ವಿದ್ಯಾರ್ಥಿಗಳೂ

ಕಾಲೇಜಿನ ಪ್ರವೇಶ ಪರೀಕ್ಷೆಗಳು ಸಮೀಪಿಸಿದವೆಂದರೆ ನಮ್ಮ ನಾಡಿನ ಊರೂರಿನಲ್ಲಿಯೂ ಒಂದು ನೋಟವು ತಪ್ಪದೆ ಕಾಣಬರುತ್ತದೆ. ಹದಿನೇಳು ಹದಿನೆಂಟು ವಯಸ್ಸಿನ ಹುಡುಗರೂ ಹುಡುಗಿಯರೂ ಹನ್ನೆರಡು ಮನೆಗಳುಳ್ಳ ಒಂದು ಕೋಷ್ಟಕವನ್ನು ಮುಂದಿಟ್ಟುಕೊಂಡು ಇಂಗ್ಲಿಷ್ ಕ್ರಿಯಾಪದದ ಕಾಲರೂಪಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡುತ್ತಿರುತ್ತಾರೆ. ಪ್ರೆಸೆಂಟ್ ಪರ್ಫೆಕ್ಟ್ ಎಂದರೇನೆಂದು ಕೇಳಿದರೆ, ‘ಹ್ಯಾವ್ ಅಥವಾ ಹ್ಯಾಸ್, ಅದರ ಮುಂದೆ ಕ್ರಿಯಾಪದದ ಮೂರನೆಯ ರೂಪ’ ಎಂದು ತಡೆಯಿಲ್ಲದೆ ಉತ್ತರ ಬರುವುದು. ‘ನಿನ್ನೆ ನಾನು ಪೇಟೆಗೆ ಹೋಗಿದ್ದೆನು’ ಎಂಬ ನಾಲ್ಕು ಮಾತುಗಳನ್ನು ಇಂಗ್ಲಿಷಿನಲ್ಲಿ ಹೇಳೆಂದರೆ ಮಾತ್ರ, ಅದೇ ಬಾಲಕನು ಹ್ಯಾವ್, ಹ್ಯಾಡ್, ವೆಂಟ್, ಗಾನ್ ಇವುಗಳ ನಡುವೆ ದಾರಿತಪ್ಪಿ ನಿಲ್ಲುವನು. ಸೂತ್ರವು ಬಾಯಲ್ಲಿದೆ, ಅದರ ಅರ್ಥವು ಬುದ್ಧಿಗೆ ಇಳಿದಿಲ್ಲ.

ಇದಕ್ಕೆ ಹುಡುಗನ ಮಂದಮತಿಯೇ ಕಾರಣವೆಂದು ಹಲವರು ಹೇಳುವರು. ಆತನು ಕನ್ನಡ ಶಾಲೆಯಲ್ಲಿ ಓದಿದುದೇ ಕಾರಣವೆಂದು ಇನ್ನು ಕೆಲವರು ಹೇಳುವರು. ಈ ಎರಡು ಮಾತುಗಳನ್ನೂ ನಾವು ಒಪ್ಪುವುದಿಲ್ಲ. ಇಂಗ್ಲಿಷ್ ಕ್ರಿಯಾಪದವು ಕಾಲದ ವಿಷಯದಲ್ಲಿ ಮಾಡುವ ಸೂಕ್ಷ್ಮ ಭೇದಗಳಲ್ಲಿ ಬಹುಪಾಲು ಕನ್ನಡದಲ್ಲಿ ಇದ್ದೇ ಇವೆ. ಶಾಲೆಯ ಹೊಸ್ತಿಲನ್ನೇ ತುಳಿಯದ ಮುದುಕಿಯೂ ಅವನ್ನು ದಿನವೂ ತಪ್ಪಿಲ್ಲದೆ ಬಳಸುತ್ತಾಳೆ. ಆ ಜ್ಞಾನವನ್ನು ಬಾಗಿಲಾಚೆ ನಿಲ್ಲಿಸಿ ಬರಿಯ ಕೋಷ್ಟಕವನ್ನು ಒಳಗೆ ಕರೆದುದೇ ನಮ್ಮ ಬೋಧನಕ್ರಮದ ದೋಷ. ಕನ್ನಡವನ್ನೇ ಸೋಪಾನವಾಗಿಟ್ಟುಕೊಂಡು ಅಭ್ಯಾಸ ಮಾಡಿದರೆ ಈ ಭಯವು ಕೆಲವು ವಾರಗಳಲ್ಲಿ ನೀಗುವುದೆಂದೂ, ಕನ್ನಡವು ದಾರಿತಪ್ಪಿಸುವ ಎಡೆಗಳು ಎಣಿಸಿ ಹೇಳಬಹುದಾದಷ್ಟೇ ಇವೆಯೆಂದೂ ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಪರೀಕ್ಷೆಗಳ ಸ್ವರೂಪವನ್ನು ನೋಡೋಣ. ಇಂಜಿನಿಯರಿಂಗ್ ಮೊದಲಾದ ವಿದ್ಯೆಗಳಿಗಾಗಿ ನಮ್ಮ ರಾಜ್ಯವು ನಡೆಸುವ ಸಿ.ಇ.ಟಿ. ಪರೀಕ್ಷೆಯಲ್ಲಿ ಇಂಗ್ಲಿಷ್ ಭಾಷೆಯ ಪತ್ರಿಕೆಯಿಲ್ಲ. ಆದರೆ ಕೇಂದ್ರೀಯ ವಿಶ್ವವಿದ್ಯಾನಿಲಯಗಳ ಪದವಿ ತರಗತಿಗಳ ಪ್ರವೇಶಕ್ಕೆಂದು ೨೦೨೨ರಲ್ಲಿ ಆರಂಭವಾದ ಸಿ.ಯು.ಇ.ಟಿ. ಎಂಬ ಸಾಮಾನ್ಯ ಪರೀಕ್ಷೆಯಲ್ಲಿ ಭಾಷೆಗೆ ಪ್ರತ್ಯೇಕ ಸ್ಥಾನವುಂಟು. ಈ ಪರೀಕ್ಷೆಯನ್ನು ಹದಿಮೂರು ಭಾಷೆಗಳಲ್ಲಿ ಬರೆಯಬಹುದು. ಕನ್ನಡವೂ ಅವುಗಳಲ್ಲಿ ಒಂದೆಂಬುದು ಸಂತೋಷದ ಸಂಗತಿ. ಹಾಗಿದ್ದರೂ ದಿಲ್ಲಿಯಂತಹ ದೂರದ ವಿಶ್ವವಿದ್ಯಾನಿಲಯಗಳನ್ನು ಸೇರಬಯಸುವವರಲ್ಲಿ ಅನೇಕರು ಇಂಗ್ಲಿಷ್ ಪತ್ರಿಕೆಯನ್ನೇ ಆರಿಸಿಕೊಳ್ಳಬೇಕಾಗುತ್ತದೆ. ೨೦೨೫ರ ಪರೀಕ್ಷೆಯಲ್ಲಿ ಪ್ರತಿ ಪತ್ರಿಕೆಗೂ ಐವತ್ತು ಪ್ರಶ್ನೆಗಳು, ಅರುವತ್ತು ನಿಮಿಷಗಳು. ಸರಿಯುತ್ತರಕ್ಕೆ ಐದು ಅಂಕ, ತಪ್ಪುತ್ತರಕ್ಕೆ ಒಂದು ಅಂಕದ ಕಡಿತ. ಎಂದರೆ ಒಂದು ಪ್ರಶ್ನೆಗೆ ದೊರೆಯುವುದು ಎಪ್ಪತ್ತೆರಡು ಸೆಕೆಂಡು. ಸರಿಗೂ ತಪ್ಪಿಗೂ ನಡುವಿನ ಅಂತರ ಆರು ಅಂಕ.

ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪ್ರವೇಶಕ್ಕಾಗಿ ಲೋಕಸೇವಾ ಆಯೋಗವು ನಡೆಸುವ ಪರೀಕ್ಷೆಯಲ್ಲಿಯಾದರೆ, ಬರೆಯುವ ಒಂಬೈನೂರು ಅಂಕಗಳಲ್ಲಿ ಇನ್ನೂರು ಇಂಗ್ಲಿಷಿಗೇ ಮೀಸಲು. ವ್ಯಾಕರಣವೂ ಪ್ರಯೋಗವೂ ಅದರ ಪಠ್ಯಕ್ರಮದಲ್ಲಿ ಸ್ಪಷ್ಟವಾಗಿ ಸೇರಿವೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯೇ ಮೊದಲಾದ ವಿದ್ಯಾಲಯಗಳಿಗೆ ದಾರಿಯಾದ ಕ್ಲ್ಯಾಟ್ ಪರೀಕ್ಷೆಯು ೨೦೨೦ರಿಂದ ಬೇರೊಂದು ಕ್ರಮವನ್ನು ಹಿಡಿದಿದೆ. ಅಲ್ಲಿ ದೀರ್ಘವಾದ ಒಂದು ಭಾಗವನ್ನು ಕೊಟ್ಟು, ಅದನ್ನು ಓದಿ ತಿಳಿದವನಿಗೆ ಮಾತ್ರ ಉತ್ತರ ಹೊಳೆಯುವಂತೆ ಪ್ರಶ್ನೆ ಕೇಳುವರು. ವ್ಯಾಕರಣದ ಹೆಸರೇ ಇಲ್ಲದ ಇಂತಹ ಪತ್ರಿಕೆಯಲ್ಲಿಯೂ ಕಾಲರೂಪದ ತಿಳಿವು ಬೇಕೇ ಬೇಕು. ಯಾವ ಸಂಗತಿ ಮೊದಲು ನಡೆಯಿತು, ಯಾವುದು ಆಮೇಲೆ, ಯಾವುದು ಇನ್ನೂ ನಡೆಯುತ್ತಿದೆ ಎಂಬುದನ್ನು ಇಂಗ್ಲಿಷ್ ಲೇಖಕನು ಹೇಳುವುದು ಬಹುಮಟ್ಟಿಗೆ ಕ್ರಿಯಾಪದದ ಮೂಲಕವೇ.

ಈ ಭೇದವು ಪರೀಕ್ಷೆಯ ಅಂಕಗಳಿಗೆ ಮಾತ್ರ ಸಂಬಂಧಿಸಿದ್ದೆಂದು ಭಾವಿಸಬಾರದು. ‘ವೈದ್ಯನು ಬಂದಾಗ ರೋಗಿ ಸತ್ತನು’ ಎಂಬುದು ಒಂದು ಮಾತು. ‘ವೈದ್ಯನು ಬಂದಾಗ ರೋಗಿ ಸತ್ತಿದ್ದನು’ ಎಂಬುದು ಮತ್ತೊಂದು. ಮೊದಲನೆಯದರಲ್ಲಿ ಸಾವು ವೈದ್ಯನ ಕಣ್ಣೆದುರಿಗೇ ಆಯಿತು. ಎರಡನೆಯದರಲ್ಲಿ ಆತನು ಬರುವುದರೊಳಗೆ ಆಗಿಹೋಗಿತ್ತು. ಇಂಗ್ಲಿಷಿನಲ್ಲಿ ‘ಡೈಡ್’ ಎಂಬುದಕ್ಕೂ ‘ಹ್ಯಾಡ್ ಡೈಡ್’ ಎಂಬುದಕ್ಕೂ ಇರುವ ವ್ಯತ್ಯಾಸವು ಇದೇ. ವರದಿಗಳನ್ನು ಬರೆಯುವ ಅಧಿಕಾರಿಗಳೂ, ಸಾಕ್ಷ್ಯವನ್ನು ತೂಗುವ ವಕೀಲರೂ ಈ ಒಂದು ಮಾತಿನ ಬೆಲೆಯನ್ನು ಚೆನ್ನಾಗಿ ಬಲ್ಲರು. ನಾಳೆ ಅದೇ ಕೆಲಸಗಳನ್ನು ಮಾಡಬೇಕಾದ ಹುಡುಗನು ಇಂದು ಅದನ್ನು ಹ್ಯಾಡ್ ಎಂಬ ಮೂರಕ್ಷರದ ಮಂತ್ರವೆಂದಷ್ಟೇ ತಿಳಿದರೆ ಸಾಲದು.

ಈ ಕೋಷ್ಟಕದ ವ್ಯಾಮೋಹವು ನಮ್ಮಲ್ಲಿ ಹೇಗೆ ಬೇರೂರಿತೆಂಬುದನ್ನು ತಿಳಿಯಲು ತುಸು ಹಿಂದಕ್ಕೆ ಹೋಗಬೇಕು. ಕಲ್ಕತ್ತಾ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ೧೮೫೭ರಲ್ಲಿ ಸ್ಥಾಪಿತವಾದವು. ಅವುಗಳ ಹೆಬ್ಬಾಗಿಲಿನಲ್ಲಿ ಪ್ರವೇಶ ಪರೀಕ್ಷೆಯೊಂದನ್ನು ನಿಲ್ಲಿಸಿದರು. ಅದನ್ನೇ ಎಂಟ್ರೆನ್ಸ್ ಎಂದೂ ಮೆಟ್ರಿಕ್ಯುಲೇಷನ್ ಎಂದೂ ಜನರು ಕರೆದರು. ಇಂಗ್ಲಿಷಿನಲ್ಲಿ ತೇರ್ಗಡೆಯಾಗದವನಿಗೆ ಆ ಬಾಗಿಲು ತೆರೆಯುತ್ತಿರಲಿಲ್ಲ. ಧಾರವಾಡದವರು ಮುಂಬಯಿಯ ಬಾಗಿಲನ್ನೂ, ಮೈಸೂರು, ಮಂಗಳೂರು, ಬಳ್ಳಾರಿಗಳವರು ಮದರಾಸಿನ ಬಾಗಿಲನ್ನೂ ತಟ್ಟಬೇಕಾಗಿತ್ತು. ಮೈಸೂರಿನಲ್ಲಿಯೇ ಒಂದು ವಿಶ್ವವಿದ್ಯಾನಿಲಯವಾದುದು ೧೯೧೬ರಲ್ಲಿ. ಈ ಪರೀಕ್ಷೆಗಳಿಗಾಗಿ ಇಂಗ್ಲಿಷ್ ವ್ಯಾಕರಣದ ಪುಸ್ತಕಗಳು ಹುಟ್ಟಿದವು. ನೆಸ್‌ಫೀಲ್ಡನ ವ್ಯಾಕರಣವೂ, ಅದರ ಅನಂತರ ರೆನ್ ಮತ್ತು ಮಾರ್ಟಿನ್ ಎಂಬಿಬ್ಬರ ವ್ಯಾಕರಣವೂ ನಮ್ಮ ತಂದೆ ತಾತಂದಿರ ಕೈಯಲ್ಲಿದ್ದುವು. ಎರಡನೆಯದು ಇಂದಿಗೂ ಅಂಗಡಿಗಳಲ್ಲಿ ದೊರೆಯುತ್ತದೆ. ಆ ಪುಸ್ತಕಗಳಲ್ಲಿ ದೋಷವಿಲ್ಲ. ಅವುಗಳಲ್ಲಿ ಪ್ರತಿಯೊಂದು ರೂಪದ ಪ್ರಯೋಜನವನ್ನೂ ಉದಾಹರಣೆಗಳಿಂದ ವಿವರಿಸಿದ್ದಾರೆ. ಅವುಗಳ ತಿರುಳನ್ನು ಬಿಟ್ಟು ಕೋಷ್ಟಕವೊಂದನ್ನೇ ಕಿತ್ತು ಗೋಡೆಗೆ ಅಂಟಿಸಿದುದು ಗೈಡುಗಳ ವ್ಯಾಪಾರಿಗಳ ಕೆಲಸ.

ಆ ಹನ್ನೆರಡು ಮನೆಗಳಾದರೂ ಏನು? ಭೂತ, ವರ್ತಮಾನ, ಭವಿಷ್ಯತ್ ಎಂಬ ಮೂರು ಕಾಲಗಳು. ಸಾಮಾನ್ಯ, ನಡೆಯುತ್ತಿರುವುದು, ಮುಗಿದಿರುವುದು, ಇಷ್ಟು ಹೊತ್ತಿನಿಂದ ನಡೆಯುತ್ತಲೇ ಇರುವುದು ಎಂಬ ನಾಲ್ಕು ಅವಸ್ಥೆಗಳು. ಮೂರು ನಾಲ್ಕಲೆ ಹನ್ನೆರಡು. ಇಷ್ಟು ತಿಳಿದರೆ ಹನ್ನೆರಡು ಸೂತ್ರಗಳನ್ನು ಉರುಹೊಡೆಯುವ ಶ್ರಮ ಉಳಿಯಿತು. ಇಂಗ್ಲೆಂಡಿನ ಈಚಿನ ಪ್ರೌಢ ವ್ಯಾಕರಣಕಾರರಾದರೋ ಇನ್ನೂ ಸಂಕ್ಷೇಪವಾದ ಮಾತನ್ನು ಹೇಳುತ್ತಾರೆ. ಕ್ವರ್ಕ್ ಮೊದಲಾದ ನಾಲ್ವರು ವಿದ್ವಾಂಸರು ೧೯೮೫ರಲ್ಲಿ ಪ್ರಕಟಿಸಿದ ಬೃಹದ್ವ್ಯಾಕರಣದ ಪ್ರಕಾರ ಇಂಗ್ಲಿಷ್ ಕ್ರಿಯಾಪದವು ರೂಪದಿಂದ ತೋರಿಸುವ ಕಾಲಗಳು ಎರಡೇ: ವರ್ತಮಾನ ಮತ್ತು ಭೂತ. ಭವಿಷ್ಯತ್ತನ್ನು ವಿಲ್ ಮೊದಲಾದ ಸಹಾಯಕ ಪದಗಳಿಂದ ಸಾಧಿಸಿಕೊಳ್ಳುವರು. ಉಳಿದುದೆಲ್ಲವೂ ಕ್ರಿಯೆಯ ಅವಸ್ಥಾಭೇದ. ಹನ್ನೆರಡೆಂದು ಹುಡುಗನನ್ನು ಹೆದರಿಸಿದುದು ನಾವೇ.

ಪಾಠಶಾಲೆಯಲ್ಲಿ ಸಂಸ್ಕೃತವನ್ನು ಓದಿದವರಿಗೆ ಇದು ಹೊಸ ವಿಷಯವಲ್ಲ. ಪಾಣಿನಿಯ ಹತ್ತು ಲಕಾರಗಳಲ್ಲಿ ಭೂತಕಾಲಕ್ಕೇ ಮೂರುಂಟು: ಸಾಮಾನ್ಯ ಭೂತಕ್ಕೆ ಲುಙ್, ಇಂದಿನದಲ್ಲದ ಭೂತಕ್ಕೆ ಲಙ್, ಕಣ್ಣಾರೆ ಕಾಣದ ಭೂತಕ್ಕೆ ಲಿಟ್. ಇವುಗಳ ರೂಪಗಳನ್ನು ನಾವು ಕಂಠಪಾಠ ಮಾಡಿದೆವೆಂಬುದು ನಿಜ. ಆದರೆ ‘ಇದು ಯಾರು ಕಂಡ ಸಂಗತಿ, ಎಂದಿನ ಸಂಗತಿ’ ಎಂದು ಗುರುಗಳು ಕೇಳದೆ ಬಿಡುತ್ತಿರಲಿಲ್ಲ. ರೂಪಕ್ಕೆ ಮೊದಲು ಅರ್ಥ, ಅರ್ಥಕ್ಕೆ ತಕ್ಕ ರೂಪ ಎಂಬ ಆ ಕ್ರಮವನ್ನು ಇಂಗ್ಲಿಷಿನ ವಿಷಯದಲ್ಲಿಯೂ ಅನುಸರಿಸಿದರೆ ಸಾಕು.

ಇನ್ನು ಕನ್ನಡಕ್ಕೆ ಬರೋಣ. ‘ಅಣ್ಣ ಬಂದನು’ ಎಂದರೆ ಬರುವ ಕೆಲಸ ಆಗಿಹೋಯಿತೆಂದು ಮಾತ್ರ ಅರ್ಥ. ಆತನು ಬಂದು ಮರಳಿ ಹೋಗಿಯೂ ಇರಬಹುದು. ‘ಅಣ್ಣ ಬಂದಿದ್ದಾನೆ’ ಎಂದರೆ ಬಂದವನು ಈಗ ಮನೆಯಲ್ಲಿಯೇ ಇದ್ದಾನೆ. ಒಳಗೆ ಎಲೆ ಹಾಕಬೇಕು. ‘ಅಣ್ಣ ಬಂದಿದ್ದನು’ ಎಂದರೆ ಬಂದಿದ್ದವನು ಈಗಿಲ್ಲ, ಅಥವಾ ಮತ್ತೊಂದು ಸಂಗತಿ ನಡೆಯುವುದಕ್ಕೆ ಮೊದಲೇ ಆತನು ಬಂದಾಗಿತ್ತು. ಇಂಗ್ಲಿಷಿನ ‘ಕೇಮ್’, ‘ಹ್ಯಾಸ್ ಕಮ್’, ‘ಹ್ಯಾಡ್ ಕಮ್’ ಎಂಬ ಮೂರು ರೂಪಗಳ ಒಳಗುಟ್ಟು ಇದೇ. ಬಂದು ಎಂಬುದಕ್ಕೆ ಇದ್ದಾನೆ ಎಂಬುದನ್ನು ಕೂಡಿಸಿ, ಕಳೆದ ಕ್ರಿಯೆಯ ಫಲವನ್ನು ನಾವು ಈಗಿನ ಕಾಲಕ್ಕೆ ಗಂಟುಹಾಕುತ್ತೇವೆ. ಇಂಗ್ಲಿಷರು ಇರು ಎಂಬುದರ ಬದಲು ಹ್ಯಾವ್ ಎಂಬುದರಿಂದ ಅದೇ ಗಂಟನ್ನು ಹಾಕುತ್ತಾರೆ. ‘ಬರುತ್ತಿದ್ದಾನೆ’ ಎಂಬುದು ಬರುತ್ತ, ಇದ್ದಾನೆ ಎಂಬೆರಡರ ಸೇರಿಕೆ. ‘ಈಸ್ ಕಮಿಂಗ್’ ಎಂಬುದೂ ಅಕ್ಷರಶಃ ಹಾಗೆಯೇ. ‘ನೀವು ನಿಲ್ದಾಣ ಮುಟ್ಟುವ ಹೊತ್ತಿಗೆ ರೈಲು ಹೊರಟುಹೋಗಿರುತ್ತದೆ’ ಎಂದು ಎಚ್ಚರಿಸುವ ತಾಯಿಯು ‘ವಿಲ್ ಹ್ಯಾವ್ ಲೆಫ್ಟ್’ ಎಂಬ ಭವಿಷ್ಯತ್ತಿನ ಮುಗಿತಾಯವನ್ನು, ಆ ಹೆಸರನ್ನೇ ಕೇಳದೆ, ಪ್ರಯೋಗಿಸುತ್ತಿದ್ದಾಳೆ.

ನಿಷೇಧದಲ್ಲಿ ಈ ಹೋಲಿಕೆಯು ಇನ್ನೂ ಸೊಗಸಾಗಿದೆ. ಇಂಗ್ಲಿಷ್ ಅಭ್ಯಾಸಿಗಳ ತಪ್ಪುಗಳಲ್ಲಿ ‘ಡಿಡ್ ನಾಟ್ ಕೇಮ್’ ಎಂಬುದು ಅಗ್ರಗಣ್ಯವೆನ್ನಬಹುದು. ಭೂತಕಾಲವಾದುದರಿಂದ ಕೇಮ್ ಎಂದೇ ಇರಬೇಕೆಂದು ಹುಡುಗನು ತರ್ಕಿಸುವನು. ಆದರೆ ಕನ್ನಡದಲ್ಲಿ ಆತನು ಹಾಗೆ ತರ್ಕಿಸುವನೇ? ‘ಅಂಚೆ ನಿನ್ನೆ ಬರಲಿಲ್ಲ’ ಎನ್ನುವಾಗ ಬಂದು ಎಂಬ ಭೂತರೂಪವು ಮಾಯವಾಗಿ, ಬರಲ್ ಎಂಬ ಕಾಲವಿಲ್ಲದ ರೂಪವು ಇಲ್ಲ ಎಂಬುದರ ಜೊತೆಗೆ ನಿಂತಿದೆ. ‘ಡಿಡ್ ನಾಟ್ ಕಮ್’ ಎಂಬಲ್ಲಿಯೂ ಕಮ್ ಎಂಬುದು ಕಾಲದ ಗುರುತನ್ನು ಕಳಚಿ ನಿಂತಿದೆ. ಗುರುತನ್ನು ಡಿಡ್ ಹೊತ್ತುಕೊಂಡಿದೆ. ‘ಅಂಚೆ ಇನ್ನೂ ಬಂದಿಲ್ಲ’ ಎನ್ನುವಾಗಲಾದರೋ ಬಂದು ಎಂಬ ರೂಪವು ಮರಳಿ ಬರುತ್ತದೆ. ಇಂಗ್ಲಿಷಿನಲ್ಲಿ ಅದು ‘ಹ್ಯಾಸ್ ನಾಟ್ ಕಮ್’. ‘ಬರುವುದಿಲ್ಲ’ ಎಂಬುದು ‘ಡಸ್ ನಾಟ್ ಕಮ್’ ಎಂದೂ ಸಂದರ್ಭಾನುಸಾರ ‘ವಿಲ್ ನಾಟ್ ಕಮ್’ ಎಂದೂ ಆಗುವುದು. ಬರಲಿಲ್ಲ, ಬಂದಿಲ್ಲ, ಬರುವುದಿಲ್ಲ ಎಂಬ ಮೂರನ್ನು ಐದು ವರ್ಷದ ಕೂಸೂ ಬೆರಸಿ ಕೆಡಿಸದು. ಈ ಮೂರನ್ನು ಕರಿಹಲಗೆಯ ಮೇಲೆ ಬರೆದು, ಎದುರಿಗೆ ಇಂಗ್ಲಿಷ್ ರೂಪಗಳನ್ನು ಬರೆದರೆ ಒಂದು ಗಂಟೆಯ ಪಾಠವಾಯಿತು. ಎರಡು ವರ್ಷದ ತಪ್ಪು ತಿದ್ದಿತು.

ಕ್ರಿಯಾಪದದ ವಕ್ರರೂಪಗಳ ವಿಷಯವೂ ಹೀಗೆಯೇ. ಗೋ ಎಂಬುದು ವೆಂಟ್ ಆಗುವುದೇಕೆ, ಬ್ರಿಂಗ್ ಎಂಬುದು ಬ್ರಾಟ್ ಆಗುವುದೇಕೆ ಎಂದು ಗೊಣಗುವ ವಿದ್ಯಾರ್ಥಿಯು, ತರು ಎಂಬುದು ತಂದು, ಕೊಡು ಎಂಬುದು ಕೊಟ್ಟು, ನಿಲ್ಲು ಎಂಬುದು ನಿಂತು, ಸಾಯು ಎಂಬುದು ಸತ್ತು ಆಗುವುದನ್ನು ಎಂದಾದರೂ ಪ್ರಶ್ನಿಸಿದ್ದುಂಟೇ? ಅವನ್ನು ಆತನು ಪಟ್ಟಿಯಿಂದ ಕಲಿತವನಲ್ಲ, ವಾಕ್ಯಗಳಿಂದ ಕಲಿತವನು. ಇಂಗ್ಲಿಷಿನ ವಕ್ರರೂಪಗಳನ್ನೂ ವಾಕ್ಯಗಳಲ್ಲಿಟ್ಟೇ ಕಲಿಯಬೇಕು.

ಕನ್ನಡವು ಎಲ್ಲೆಡೆಯಲ್ಲಿಯೂ ಕೈಹಿಡಿದು ನಡೆಸುವುದೆಂದು ಹೇಳಿದರೆ ವಾಚಕರನ್ನು ವಂಚಿಸಿದಂತಾಗುವುದು. ಅದು ಕೈಬಿಡುವ ಎಡೆಗಳೂ ಉಂಟು. ಪರೀಕ್ಷಕರು ಹೊಂಚುಹಾಕಿ ಕುಳಿತಿರುವುದೂ ಅಲ್ಲಿಯೇ. ಆದಕಾರಣ ಅವನ್ನು ಒಂದೊಂದಾಗಿ ನೋಡುವುದು ಅವಶ್ಯಕ.

ಮೊದಲನೆಯದು, ನಿನ್ನೆಯ ವಿಷಯ. ‘ನಿನ್ನೆ ಮೈಸೂರಿಗೆ ಹೋಗಿದ್ದೆನು’ ಎಂದು ನಾವು ಸಹಜವಾಗಿ ಹೇಳುತ್ತೇವೆ. ಇದನ್ನು ‘ಹ್ಯಾಡ್ ಗಾನ್’ ಎಂದು ತಿರುಗಿಸಿದರೆ ಇಂಗ್ಲಿಷಿನಲ್ಲಿ ತಪ್ಪಾಗುವುದು. ಅವರಿಗೆ ‘ವೆಂಟ್’ ಎಂಬುದೇ ಸಾಕು. ಹಿಂದೆ ನಡೆದ ಎರಡು ಸಂಗತಿಗಳಲ್ಲಿ ಯಾವುದು ಮೊದಲಿನದೆಂದು ತೋರಿಸುವಾಗ ಮಾತ್ರ ಅವರು ಹ್ಯಾಡ್ ಎಂಬುದನ್ನು ತರುವರು. ಹಾಗೆಯೇ ‘ಆತನು ಮೊನ್ನೆಯೇ ಬಂದಿದ್ದಾನೆ’ ಎಂಬುದು ನಮಗೆ ಒಪ್ಪಿತ. ಇಂಗ್ಲಿಷಿನಲ್ಲಿ ನಿನ್ನೆ, ಮೊನ್ನೆ, ೧೯೪೭ರಲ್ಲಿ ಎಂಬಂತಹ ಮುಗಿದ ಕಾಲವನ್ನು ಹೆಸರಿಸಿದೊಡನೆಯೇ ‘ಹ್ಯಾಸ್ ಕಮ್’ ಎಂಬುದಕ್ಕೆ ಎಡೆಯಿಲ್ಲ; ‘ಕೇಮ್’ ಎಂದೇ ಹೇಳಬೇಕು.

ಎರಡನೆಯದು, ‘ಇಂದ’ ಎಂಬ ಪ್ರತ್ಯಯ. ‘ಹತ್ತು ವರ್ಷದಿಂದ ಇಲ್ಲಿ ವಾಸಿಸುತ್ತಿದ್ದೇನೆ’ ಎಂಬಲ್ಲಿ ನಮಗೆ ವರ್ತಮಾನವೇ ಸಾಕಾಗಿದೆ. ಆದುದರಿಂದಲೇ ‘ಐ ಆಮ್ ಲಿವಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಎಂಬ ವಾಕ್ಯವು ನಮ್ಮ ಕಚೇರಿಗಳಲ್ಲಿಯೂ ಆಗಾಗ ಕೇಳಿಬರುತ್ತದೆ. ಇದರಲ್ಲಿ ಎರಡು ತಪ್ಪುಗಳುಂಟು. ಹಿಂದೆ ತೊಡಗಿ ಇಂದಿನವರೆಗೆ ಹರಿದುಬಂದ ಕ್ರಿಯೆಗೆ ‘ಹ್ಯಾವ್ ಬೀನ್ ಲಿವಿಂಗ್’ ಎಂದಾಗಬೇಕು. ಕಾಲದ ಅಳತೆಯನ್ನು ಹೇಳುವಾಗ ಸಿನ್ಸ್ ಎಂಬುದಕ್ಕೆ ಬದಲು ಫಾರ್ ಎಂಬುದು ಬರಬೇಕು. ಸಿನ್ಸ್ ಎಂಬುದು ೨೦೧೫ರಿಂದ, ಸೋಮವಾರದಿಂದ ಎಂಬಂತೆ ತೊಡಗಿದ ಗಳಿಗೆಯನ್ನು ಹೇಳುವ ಮಾತು. ನಮ್ಮ ಒಂದೇ ಪ್ರತ್ಯಯವು ಎರಡು ಕೆಲಸಗಳನ್ನು ಮಾಡುವುದರಿಂದ ಈ ತೊಡಕು.

ಮೂರನೆಯದು, ‘ಬರುತ್ತೇನೆ’ ಎಂಬ ರೂಪ. ‘ದಿನವೂ ಬರುತ್ತೇನೆ’, ‘ನಾಳೆ ಬರುತ್ತೇನೆ’ ಎಂದು ರೂಢಿಗೂ ಭವಿಷ್ಯತ್ತಿಗೂ ನಾವು ಒಂದನ್ನೇ ಬಳಸುತ್ತೇವೆ. ಇಂಗ್ಲಿಷಿನಲ್ಲಿ ಮೊದಲನೆಯದು ‘ಕಮ್’, ಎರಡನೆಯದು ‘ವಿಲ್ ಕಮ್’. ‘ಆಗ ದಿನವೂ ಬರುತ್ತಿದ್ದನು’ ಎಂಬುದನ್ನೂ ‘ವಾಸ್ ಕಮಿಂಗ್’ ಎನ್ನಬಾರದು. ಹಿಂದಿನ ರೂಢಿಗೆ ‘ಯೂಸ್ಡ್ ಟು ಕಮ್’ ಎಂಬ ಬೇರೆ ಮಾತುಂಟು.

ನಾಲ್ಕನೆಯದು, ‘ಮಳೆ ಬಂದರೆ’ ಎಂಬಂತಹ ಸಂಭಾವನೆ. ನಾವು ಇಲ್ಲಿ ಬಂದು ಎಂಬ ಭೂತದ ರೂಪಕ್ಕೆ ರೆ ಸೇರಿಸುತ್ತೇವೆ. ಅಭ್ಯಾಸಿಯಾದರೋ ಅರ್ಥವನ್ನು ನೋಡಿ ‘ಇಫ್ ಇಟ್ ವಿಲ್ ರೈನ್’ ಎನ್ನುವನು. ಇಂಗ್ಲಿಷಿನಲ್ಲಿ ಮುಂದೆ ಆಗಬಹುದಾದ ಸಂಗತಿಗೂ ಇಫ್ ಎಂಬುದರ ಜೊತೆಗೆ ಸಾಮಾನ್ಯವಾಗಿ ವರ್ತಮಾನವೇ ನಿಲ್ಲುವುದು. ‘ಆತನು ಬಂದ ಮೇಲೆ’, ‘ಆತನು ಬರುವವರೆಗೆ’ ಎಂಬಲ್ಲಿಯೂ ಹಾಗೆಯೇ. ಸಂಭಾವನೆಯಲ್ಲಿ ಭವಿಷ್ಯದ ಗುರುತನ್ನು ಹಾಕಬಾರದೆಂಬುದರಲ್ಲಿ ಎರಡು ಭಾಷೆಗಳೂ ಒಂದೇ. ಹಾಕುವ ಗುರುತು ಮಾತ್ರ ಬೇರೆ.

ಐದನೆಯದು, ಸ್ಥಿತಿಯನ್ನು ಹೇಳುವ ಕ್ರಿಯಾಪದಗಳು. ತಿಳಿದಿರುವುದು, ಬೇಕಾಗಿರುವುದು, ನಂಬಿರುವುದು ಮೊದಲಾದವು ಕೆಲಸಗಳಲ್ಲ, ಮನಸ್ಸಿನ ಸ್ಥಿತಿಗಳು. ಇರು ಎಂಬುದು ನಮ್ಮ ಬಾಯಲ್ಲಿ ಸದಾ ಇರುವುದರಿಂದ ‘ಐ ಆಮ್ ನೋಯಿಂಗ್’ ಎಂದು ಬಂದುಬಿಡುವುದು. ಇಂಗ್ಲಿಷಿನಲ್ಲಿ ‘ಐ ನೋ’ ಎಂದರೇ ಮುಗಿಯಿತು.

ಆರನೆಯದು, ಎಲ್ಲಕ್ಕಿಂತ ಕಷ್ಟವಾದದ್ದು, ಪರರ ಮಾತನ್ನು ಹೇಳುವ ಕ್ರಮ. ಕನ್ನಡದಲ್ಲಿ ‘ಎಂದು’ ಎಂಬ ಒಂದು ಸೇತುವೆಯಿದೆ. ‘ನಾಳೆ ಬರುತ್ತೇನೆಂದು ಆತನು ಹೇಳಿದನು’ ಎನ್ನುವಾಗ ಆತನ ಮಾತು ಇದ್ದಂತೆಯೇ ಉಳಿಯುತ್ತದೆ. ಕಾಲವೂ ಬದಲಾಗದು, ಪುರುಷವೂ ಬದಲಾಗಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಹೇಳಿದನು ಎಂಬುದು ಭೂತವಾದೊಡನೆ ಒಳಗಿನ ಕ್ರಿಯಾಪದವೂ ಒಂದು ಹೆಜ್ಜೆ ಹಿಂದಕ್ಕೆ ಸರಿಯುವುದು: ವಿಲ್ ಎಂಬುದು ವುಡ್ ಆಗುವುದು, ಕೇಮ್ ಎಂಬುದು ಹ್ಯಾಡ್ ಕಮ್ ಆಗುವುದು, ನಾಳೆ ಎಂಬುದು ಮಾರನೆಯ ದಿನವಾಗುವುದು. ಸೂರ್ಯನು ಪೂರ್ವದಲ್ಲಿ ಹುಟ್ಟುತ್ತಾನೆಂಬಂತಹ ನಿತ್ಯಸತ್ಯಕ್ಕೆ ಮಾತ್ರ ಈ ಸರಿಯುವಿಕೆ ಬೇಕಾಗಿಲ್ಲ. ಇದಕ್ಕೆ ಸಮಾನವಾದುದು ನಮ್ಮಲ್ಲಿಲ್ಲ. ಆದುದರಿಂದ ಅಭ್ಯಾಸದ ಕಾಲದಲ್ಲಿ ಅರ್ಧ ಭಾಗವನ್ನು ಇದಕ್ಕೇ ಕೊಟ್ಟರೂ ಹೆಚ್ಚಲ್ಲ.

ಇಷ್ಟೇ ಆರು ಎಡೆಗಳು. ಹನ್ನೆರಡು ಮನೆಗಳ ಕೋಷ್ಟಕದಲ್ಲಿ ಇವುಗಳಲ್ಲಿ ಒಂದಾದರೂ ಕಾಣಿಸದೆಂಬುದನ್ನು ವಾಚಕರು ಗಮನಿಸಬೇಕು. ಕೋಷ್ಟಕವು ರೂಪವನ್ನು ಕೊಡುವುದು, ಸಂದರ್ಭವನ್ನು ಕೊಡದು.

ಹಾಗಾದರೆ ಅಭ್ಯಾಸದ ಕ್ರಮವೇನು? ನಮಗೆ ತೋರಿದುದನ್ನು ಸಂಗ್ರಹವಾಗಿ ಹೇಳುವೆವು. ವಾಕ್ಯವನ್ನು ಕಂಡೊಡನೆ ಸೂತ್ರವನ್ನು ನೆನೆಯದೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಕೆಲಸ ನಡೆದುದು ಎಂದು? ಅದು ಮುಗಿಯಿತೇ, ನಡೆಯುತ್ತಿದೆಯೇ? ಅದರ ಫಲ ಈಗಲೂ ನಿಂತಿದೆಯೇ? ಈ ಮೂರಕ್ಕೆ ಕನ್ನಡದಲ್ಲಿ ಉತ್ತರ ದೊರೆತರೆ ಇಂಗ್ಲಿಷ್ ರೂಪವು ಬಹುಮಟ್ಟಿಗೆ ತಾನಾಗಿಯೇ ಒದಗುವುದು. ಎರಡನೆಯದಾಗಿ, ದಿನಕ್ಕೆ ಹತ್ತು ಸಾಲಿನಷ್ಟು ಕನ್ನಡ ಗದ್ಯವನ್ನು ಇಂಗ್ಲಿಷಿಗೆ ತಿರುಗಿಸಿ, ಮಾರನೆಯ ದಿನ ಮೂಲವನ್ನು ನೋಡದೆ ಅದನ್ನು ಮರಳಿ ಕನ್ನಡಕ್ಕೆ ತಂದು, ಎರಡನ್ನೂ ಹೋಲಿಸಬೇಕು. ‘ಬಂದಿದ್ದಾನೆ’ ಎಂದಿದ್ದುದು ಮರಳಿ ಬರುವಾಗ ‘ಬಂದನು’ ಎಂದಾಗಿದ್ದರೆ ದಾರಿಯಲ್ಲಿ ಏನು ಕಳೆದುಹೋಯಿತೆಂಬುದು ಕಣ್ಣಿಗೆ ಕಟ್ಟುವುದು. ಇದು ನಮ್ಮ ಹೊಸ ಕಲ್ಪನೆಯಲ್ಲ. ಇಂಗ್ಲೆಂಡಿನ ರಾಣಿ ಮೊದಲನೆಯ ಎಲಿಜಬೆತ್ತಳ ಗುರುವಾಗಿದ್ದ ರಾಜರ್ ಆಸ್ಕಮನು ೧೫೭೦ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಲ್ಯಾಟಿನ್ ಕಲಿಯುವ ಬಾಲಕರಿಗೆ ಇದೇ ಇಮ್ಮಡಿ ಭಾಷಾಂತರವನ್ನು ವಿಧಿಸಿದ್ದನು. ಇಂಗ್ಲಿಷ್ ಬಾಲಕರು ಲ್ಯಾಟಿನನ್ನು ಇಂಗ್ಲಿಷಿನ ಮೂಲಕ ಕಲಿತರು. ಕನ್ನಡ ಬಾಲಕರು ಇಂಗ್ಲಿಷನ್ನು ಕನ್ನಡದ ಮೂಲಕ ಕಲಿತರೆ ಯಾವ ಲೋಪ?

ಮೂರನೆಯದಾಗಿ, ತಪ್ಪುಗಳ ಪುಸ್ತಕವೊಂದನ್ನು ಇಟ್ಟುಕೊಂಡು, ಪ್ರತಿಯೊಂದು ತಪ್ಪನ್ನೂ ಮೇಲಿನ ಆರು ಎಡೆಗಳಲ್ಲಿ ಯಾವುದಕ್ಕೆ ಸೇರಿದ್ದೆಂದು ಬರೆದಿಡಬೇಕು. ಎರಡು ವಾರಗಳಲ್ಲಿ ತನ್ನ ದುರ್ಬಲ ಸ್ಥಾನವು ಯಾವುದೆಂದು ವಿದ್ಯಾರ್ಥಿಗೇ ತಿಳಿಯುವುದು. ನಾಲ್ಕನೆಯದಾಗಿ, ಇಂಗ್ಲಿಷ್ ವೃತ್ತಪತ್ರಿಕೆಯನ್ನು ಓದುವಾಗ ಕ್ರಿಯಾಪದಗಳಿಗೆ ಗೆರೆಯೆಳೆದು, ಲೇಖಕನು ಆ ರೂಪವನ್ನೇ ಏಕೆ ಆರಿಸಿದನೆಂದು ಯೋಚಿಸಬೇಕು. ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಪತ್ರಿಕೆಗಳ ತಲೆಬರಹಗಳಲ್ಲಿ ನಿನ್ನೆ ನಡೆದ ಸಂಗತಿಯನ್ನೂ ವರ್ತಮಾನದಲ್ಲಿಯೇ ಹೇಳುವ ಸಂಪ್ರದಾಯವುಂಟು. ಅದನ್ನು ಮಾದರಿಯಾಗಿ ಹಿಡಿಯದೆ ಕೆಳಗಿನ ವಾರ್ತೆಯನ್ನು ಹಿಡಿಯಬೇಕು. ಗಡಿಯಾರವನ್ನು ಮುಂದಿಟ್ಟುಕೊಂಡು ಹಳೆಯ ಪ್ರಶ್ನಪತ್ರಿಕೆಗಳನ್ನು ಬಿಡಿಸುವ ಕೆಲಸವು ಇವೆಲ್ಲದರ ಅನಂತರದ್ದು. ಈಗ ನಮ್ಮವರು ಅದರಿಂದಲೇ ತೊಡಗುತ್ತಾರೆ. ಅಡಿಗಟ್ಟು ಹಾಕದೆ ಗೋಡೆ ಎತ್ತಿದಂತೆ ಅದು.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಇಂಗ್ಲಿಷ್ ತರಗತಿಯಲ್ಲಿ ಕನ್ನಡವು ಕಾಲಿಟ್ಟರೆ ಇಂಗ್ಲಿಷ್ ಕೆಡುವುದೆಂಬುದು ಒಂದು. ಇಂಗ್ಲಿಷನ್ನು ಹೆಚ್ಚು ಹೆಚ್ಚಾಗಿ ಕೇಳಬೇಕು, ಆಡಬೇಕು ಎಂಬುದನ್ನು ನಾವೂ ಒಪ್ಪುವೆವು. ಆದರೆ ಕೇಳುವ ಅವಕಾಶವೇ ವಿರಳವಾದ ಹಳ್ಳಿಯ ಹುಡುಗನಿಗೆ ತನ್ನ ಭಾಷೆಯ ಊರುಗೋಲನ್ನೂ ಕಸಿದುಕೊಂಡು ನಡೆಯೆಂದರೆ ಹೇಗೆ? ನಮ್ಮ ನಾಡಿಗೆ ಬಂದ ಪರದೇಶಿಗಳು ಏನು ಮಾಡಿದರೆಂಬುದನ್ನು ನೋಡೋಣ. ವಿಲಿಯಂ ಕೇರಿಯು ೧೮೧೭ರಲ್ಲಿ, ಹಾಡ್ಸನ್ ಎಂಬ ಪಾದ್ರಿಯು ೧೮೫೯ರಲ್ಲಿ, ಕಿಟ್ಟೆಲ್ ಮಹಾಶಯರು ೧೯೦೩ರಲ್ಲಿ ಕನ್ನಡ ವ್ಯಾಕರಣಗಳನ್ನು ಬರೆದರು. ಮೂವರೂ ಬರೆದುದು ಇಂಗ್ಲಿಷಿನಲ್ಲಿ. ಅಧಿಕಾರಿಗಳೂ ಪಾದ್ರಿಗಳೂ ಕನ್ನಡವನ್ನು ಇಂಗ್ಲಿಷಿನ ವಿವರಣೆಯ ಮೂಲಕ ಕಲಿತರು. ‘ಬಂದಿದ್ದಾನೆ’ ಎಂಬುದಕ್ಕೆ ‘ಹ್ಯಾಸ್ ಕಮ್’ ಎಂದು ಅರ್ಥ ತಿಳಿದುಕೊಂಡುದರಿಂದ ಅವರ ಕನ್ನಡ ಕೆಡಲಿಲ್ಲ. ಅವರಿಗೆ ನ್ಯಾಯವಾದ ಸಾಧನವು ನಮಗೆ ಅಪರಾಧವಾಗುವುದು ಹೇಗೆ?

ಪರೀಕ್ಷೆಯು ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವುದಷ್ಟೇ ಆದುದರಿಂದ ಉಪಾಯಗಳೇ ಸಾಕು ಎಂಬುದು ಇನ್ನೊಂದು ಆಕ್ಷೇಪ. ಸಿನ್ಸ್ ಕಂಡರೆ ಹ್ಯಾವ್ ಬೀನ್, ಎಸ್ಟರ್ಡೇ ಕಂಡರೆ ಎರಡನೆಯ ರೂಪ ಎಂಬ ಉಪಾಯಗಳಿಂದ ಕೆಲವು ಅಂಕಗಳು ಬರುವುದುಂಟು. ಆದರೆ ಸಿನ್ಸ್ ಎಂಬುದಕ್ಕೆ ‘ಆದಕಾರಣ’ ಎಂಬ ಅರ್ಥವೂ ಉಂಟೆಂಬುದನ್ನು ಪರೀಕ್ಷಕನು ಬಲ್ಲನು. ಉಪಾಯವನ್ನು ನಂಬಿದವನನ್ನು ಅಲ್ಲಿಯೇ ಕೆಡಹುವನು. ಅದೂ ಹೋಗಲಿ, ಪ್ರವೇಶ ದೊರೆತ ಮೇಲೆ ಮೂರು ನಾಲ್ಕು ವರ್ಷ ಇಂಗ್ಲಿಷಿನಲ್ಲಿಯೇ ಉಪನ್ಯಾಸ ಕೇಳಿ, ಇಂಗ್ಲಿಷಿನಲ್ಲಿಯೇ ಉತ್ತರ ಬರೆಯಬೇಕಾದವನಿಗೆ ಆ ಉಪಾಯಗಳು ಯಾವ ಆಸರೆಯಾದಾವು?

ಈ ವಿಷಯದಲ್ಲಿ ದೊಡ್ಡವರ ಪಾಲೂ ಉಂಟು. ೨೦೦೭ರಿಂದ ಸರ್ಕಾರಿ ಕನ್ನಡ ಶಾಲೆಗಳಲ್ಲಿಯೂ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸುತ್ತ ಬಂದಿದ್ದಾರೆ. ಹನ್ನೆರಡು ವರ್ಷ ಅದನ್ನು ಓದಿಯೂ ಹುಡುಗನು ಕಡೆಗೆ ಹಣ ತೆತ್ತು ಮೂರು ವಾರಗಳ ತರಬೇತಿಗೆ ಓಡಬೇಕಾಗಿದ್ದರೆ, ಆ ಹನ್ನೆರಡು ವರ್ಷಗಳಲ್ಲಿ ನಡೆದುದೇನೆಂದು ಶಿಕ್ಷಣದ ಅಧಿಕಾರಿಗಳು ಕೇಳಿಕೊಳ್ಳಬೇಕು. ಕನ್ನಡ ಪಂಡಿತರೂ ಇಂಗ್ಲಿಷ್ ಅಧ್ಯಾಪಕರೂ ಒಂದೇ ಶಾಲೆಯಲ್ಲಿ ಎರಡು ದ್ವೀಪಗಳಂತೆ ಇರುವರು. ಒಬ್ಬರು ಭೂತ ಭವಿಷ್ಯತ್ ವರ್ತಮಾನಗಳನ್ನು ಬೋಧಿಸಿದುದು ಮತ್ತೊಬ್ಬರಿಗೆ ತಿಳಿಯದು. ಇವರಿಬ್ಬರೂ ವಾರಕ್ಕೊಂದು ದಿನ ಒಂದೇ ಕರಿಹಲಗೆಯ ಮುಂದೆ ನಿಂತು, ಒಬ್ಬರು ಬಂದನು ಬಂದಿದ್ದಾನೆ ಎಂದೂ ಮತ್ತೊಬ್ಬರು ಕೇಮ್, ಹ್ಯಾಸ್ ಕಮ್ ಎಂದೂ ಬರೆದರೆ ಎರಡು ಭಾಷೆಗಳಿಗೂ ಲಾಭ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ, ಸರ್ಕಾರದ ಸುತ್ತೋಲೆಯೂ ಬೇಡ. ಊರಿನ ವಾಚನಾಲಯದಲ್ಲಿ ಸಂಜೆಯ ಹೊತ್ತು ಒಂದು ಗಂಟೆ ಕುಳಿತು ನಾಲ್ಕು ಮಕ್ಕಳ ಬರವಣಿಗೆಯನ್ನು ತಿದ್ದಲು ವಿಶ್ರಾಂತರಾದ ಅಧಿಕಾರಿಗಳೂ ಅಧ್ಯಾಪಕರೂ ಮುಂದೆ ಬಂದರೆ ಅದಕ್ಕಿಂತ ದೊಡ್ಡ ದಾನವಿಲ್ಲ.

ಮಾತೃಭಾಷೆಯಲ್ಲಿ ಓದಿದುದು ಪರೀಕ್ಷೆಯ ಕೊಠಡಿಯಲ್ಲಿ ತಲೆತಗ್ಗಿಸುವ ವಿಷಯವಲ್ಲ. ಆಗಿದ್ದುದಕ್ಕೂ ಆಗಿರುವುದಕ್ಕೂ ಆಗುತ್ತಿರುವುದಕ್ಕೂ ಭೇದವನ್ನು ಬಲ್ಲವನೇ ಆ ಕೊಠಡಿಗೆ ಹೋಗುತ್ತಿದ್ದಾನೆ. ಆ ಭೇದಗಳಿಗೆ ಇಂಗ್ಲಿಷಿನಲ್ಲಿ ಯಾವ ಹೆಸರು, ಯಾವ ಉಡುಪು ಎಂಬುದಷ್ಟನ್ನು ಅವನಿಗೆ ತೋರಿಸಿಕೊಡುವ ಕೆಲಸ ಉಳಿದಿದೆ. ಅದು ಗುರುಗಳ ಕೆಲಸ; ಅವರು ಅದನ್ನು ಇಂದೇ ಕೈಗೊಳ್ಳಲಿ.